ಇಂಗ್ಲಿಷಿನಲ್ಲಿ 86 ಅಂಕ, ಬಾಯಲ್ಲಿ ಒಂದು ವಾಕ್ಯವಿಲ್ಲ: ಶಾಲೆ ಬದಲಿಸಬೇಕೇ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಮಗಳು ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಎಂಟು, ಒಂಬತ್ತು, ಹತ್ತು ಮೂರೂ ಸೇರಿ 54 ಮಕ್ಕಳು. ಇಂಗ್ಲಿಷ್ ತೆಗೆದುಕೊಳ್ಳುವ ಮೇಷ್ಟ್ರೇ ಸಮಾಜ ವಿಜ್ಞಾನವನ್ನೂ ತೆಗೆದುಕೊಳ್ಳುತ್ತಾರೆ. ಎಂಟನೇ ತರಗತಿಯಲ್ಲಿ ಇವಳಿಗೆ ಇಂಗ್ಲಿಷಿನಲ್ಲಿ 86 ಬಂದಿತ್ತು. ಆದರೆ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನನ್ನ ಮೈದುನನ ಮಕ್ಕಳು ಇಂಗ್ಲಿಷಿನಲ್ಲಿ ಏನೋ ಕೇಳಿದರೆ ಒಂದು ವಾಕ್ಯ ಹೇಳಲಾಗದೆ ಒಳಗೆ ಹೋಗಿ ಕೂತಳು. ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕಿ ಎಂದು ಮೈದುನನ ಒತ್ತಾಯ. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಎರಡೂವರೆ ಗಂಟೆ ಬೇಕು. ಶಾಲೆಯಲ್ಲಿ ಇಂಗ್ಲಿಷ್ ನಾಟಕ, ಪ್ರಾರ್ಥನೆಯಲ್ಲಿ ಇಂಗ್ಲಿಷ್ ಸುದ್ದಿ, ಪ್ರತಿಭಾ ಕಾರಂಜಿಗೆ ಇಂಗ್ಲಿಷ್ ಭಾಷಣ ಅಂತ ಏನೇನೋ ಮಾಡಿಸುತ್ತಾರೆ. ಅದೇ ಹೊತ್ತಿನಲ್ಲಿ ಗ್ರಾಮರ್ ಗಟ್ಟಿ ಮಾಡಿಸಬಾರದೇ ಎನ್ನುವುದು ನಮ್ಮನೆಯವರ ಮಾತು. ನನಗೆ ಇಂಗ್ಲಿಷ್ ಬರುವುದಿಲ್ಲ, ಮನೆಯಲ್ಲಿ ಹೇಳಿಕೊಡುವವರೂ ಇಲ್ಲ. ಮುಂದೆ ಸೈನ್ಸ್ ಓದಬೇಕೆಂದು ಅವಳ ಆಸೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಹೆಣೆದುಕೊಂಡಿವೆ. ಅಂಕ ಬಂದರೂ ಮಾತು ಯಾಕೆ ಬರಲಿಲ್ಲ, ಚಿಕ್ಕ ಶಾಲೆಯಿಂದಾಗಿ ಅವಳು ಹಿಂದೆ ಬೀಳುತ್ತಿದ್ದಾಳೆಯೇ, ನಾಳೆ ಪಿಯುಸಿ ಸೈನ್ಸಿನಲ್ಲಿ ಗತಿಯೇನು. ಮೊದಲೇ ಹೇಳಿಬಿಡುತ್ತೇನೆ, ಒಂಬತ್ತನೇ ತರಗತಿಯಲ್ಲಿ ಮಾಧ್ಯಮ ಬದಲಿಸಬೇಡಿ. ನಿಮ್ಮ ಮಗಳಿಗೆ ಏನು ಅಭ್ಯಾಸವಾಗಿದೆಯೋ ಅದು ಬಂದಿದೆ, ಆಗದ್ದು ಬಂದಿಲ್ಲ. ಅಷ್ಟೇ ವಿಷಯ.

ನಮ್ಮ ಇಂಗ್ಲಿಷ್ ಪರೀಕ್ಷೆ ಮಕ್ಕಳಿಂದ ಏನು ಕೇಳುತ್ತದೆ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 100 ಅಂಕ, ಅದರಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಬಾಯಿ ತೆರೆದು ಮಾತಾಡುವುದಕ್ಕೆಂದು ಒಂದು ಅಂಕವೂ ಇಲ್ಲ. ಎಂಟು, ಒಂಬತ್ತನೇ ತರಗತಿಗಳಲ್ಲೂ ಅದೇ ಅಚ್ಚು. ಪಾಠದ ಪ್ರಶ್ನೆಗೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೇ ನೋಟ್ಸು, ಅದೇ ಉತ್ತರಪತ್ರಿಕೆಗೆ ಇಳಿಯುತ್ತದೆ. ಪತ್ರ ಬರೆಯಲು ವಿಳಾಸ, ದಿನಾಂಕ, ಕೊನೆಗೊಂದು ‘ಯುವರ್ಸ್ ಒಬೀಡಿಯೆಂಟ್ಲಿ’ ಇರುವ ಚೌಕಟ್ಟು ಇದ್ದೇ ಇದೆ. ಪ್ರೊಫೈಲ್, ಅಂದರೆ ಒಬ್ಬರ ಪರಿಚಯ ಬರೆಯಲು ಸುಳಿವುಗಳನ್ನು ಅವರೇ ಕೊಟ್ಟಿರುತ್ತಾರೆ, ನಡುವೆ ‘ಈಸ್’, ‘ವಾಸ್’ ತುಂಬಿದರೆ ಆಯಿತು. ಕಂಠಪಾಠದ ಪದ್ಯ ಬಾಯಿಗೆ ಬಂದಿದ್ದರೆ ಅದರ ಅಂಕ ಖಚಿತ. ಹತ್ತನೇ ತರಗತಿಯಲ್ಲಿ ಜನವರಿ ಬಂತೆಂದರೆ ‘ಪಾಸಿಂಗ್ ಪ್ಯಾಕೇಜ್’ ಶುರುವಾಗುತ್ತದೆ. ಯಾವ ಪಾಠದಿಂದ ಎಷ್ಟು ಅಂಕ, ಯಾವುದನ್ನು ಓದಿದರೆ ದಡ ಸೇರಬಹುದು ಎಂಬ ಲೆಕ್ಕ.

ಇದನ್ನು ತೆಗಳಲು ಹೇಳುತ್ತಿಲ್ಲ. ಅಂಕ ಬೇಕೇ ಬೇಕು. ಒಬ್ಬರೇ ಮೇಷ್ಟ್ರು ಎರಡು ವಿಷಯ, ಮೂರು ತರಗತಿ ನಿಭಾಯಿಸುತ್ತ ಇಷ್ಟು ಮಾಡಿಸುವುದೇ ದೊಡ್ಡದು. 86 ಬಂದಿದೆಯೆಂದರೆ ಓದಲು ಬರುತ್ತದೆ, ಸ್ಪೆಲಿಂಗ್ ಗಟ್ಟಿಯಿದೆ, ಸಾಕಷ್ಟು ಪದಗಳು ತಲೆಯಲ್ಲಿವೆ. ಮಾತಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲು ಅವಳ ಹತ್ತಿರ ಆಗಲೇ ಇದೆ. ಬಳಸಿ ರೂಢಿಯಿಲ್ಲ.

ರೂಢಿಯಿಲ್ಲದ್ದರ ಜೊತೆಗೆ ಇನ್ನೊಂದು ತೊಡಕು. ‘ಅವರು ಡಾಕ್ಟರ್’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ಇಂಗ್ಲಿಷಿಗೆ ನಡುವೆ ಒಂದು ‘ಈಸ್’ ಬೇಕು, ಡಾಕ್ಟರಿಗೆ ಮುಂಚೆ ಒಂದು ‘ಎ’ ಬೇಕು. ‘ನನಗೊಬ್ಬ ತಮ್ಮ ಇದ್ದಾನೆ’ ಎನ್ನಲು ನಮಗೆ ‘ಇರು’ ಸಾಕು, ಅಲ್ಲಿ ‘ಹ್ಯಾವ್’ ಹುಡುಕಬೇಕು. ನಮ್ಮ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅವರದು ನಡುವೆ. ಬರೆಯುವಾಗ ಇದನ್ನೆಲ್ಲ ಯೋಚಿಸಿ ಜೋಡಿಸಲು ಹೊತ್ತಿರುತ್ತದೆ. ಮಾತಿನಲ್ಲಿ ಎದುರಿಗಿರುವವರು ಕಾಯುತ್ತಿರುತ್ತಾರೆ, ಅದೂ ಬೆಂಗಳೂರಿನ ಚಿಕ್ಕಪ್ಪನ ಮಕ್ಕಳು. ಆ ವಯಸ್ಸಿನಲ್ಲಿ ಒಳಗೆ ಹೋಗಿ ಕೂರುವುದು ಬಹಳ ಸಹಜ. ದಯವಿಟ್ಟು ಆ ದಿನದ ಮಾತನ್ನು ಅವಳೆದುರು ಮತ್ತೆ ಮತ್ತೆ ಎತ್ತಬೇಡಿ.

ಇನ್ನು ಗ್ರಾಮರ್ ಗಟ್ಟಿ ಮಾಡಿಸಿದರೆ ಮಾತು ತಾನಾಗಿ ಬರುತ್ತದೆ ಎಂಬ ನಿಮ್ಮ ಯಜಮಾನರ ಮಾತು. ಹೀಗೆ ನಂಬಿದವರು ಅವರೊಬ್ಬರೇ ಅಲ್ಲ, ಬಹಳ ಶಿಕ್ಷಕರೂ ಹಾಗೇ ನಂಬಿದ್ದಾರೆ. ಆದರೆ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗವೊಂದು ನಮ್ಮ ಬೆಂಗಳೂರಿನಲ್ಲೇ ನಡೆಯಿತು ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲು 1963ರಲ್ಲಿ ಶುರುವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನಲ್ಲಿದೆ. ಅಲ್ಲಿಂದ 1979ರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ಕೆಲಸ ಆರಂಭಿಸಿ, ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳ ತರಗತಿಗಳಲ್ಲಿ 1984ರವರೆಗೆ ಬೇರೆಯೇ ಬಗೆಯ ಪಾಠ ಮಾಡಿಸಿದರು. ಗ್ರಾಮರ್ ನಿಯಮ ಹೇಳಲಿಲ್ಲ, ವಾಕ್ಯ ಉರು ಹೊಡೆಸಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮಕ್ಕಳ ಮುಂದಿಟ್ಟು ಸಮಸ್ಯೆ ಕೊಟ್ಟರು. ಇಂಥ ಊರಿಗೆ ಇಷ್ಟು ಹೊತ್ತಿಗೆ ಮುಟ್ಟಬೇಕು, ಯಾವ ಗಾಡಿ ಹಿಡಿಯಬೇಕು? ಮಕ್ಕಳ ಗಮನವೆಲ್ಲ ಉತ್ತರ ಕಂಡುಹಿಡಿಯುವುದರ ಮೇಲೆ, ಭಾಷೆ ಅದರ ಬೆನ್ನಿಗೇ ಬರುತ್ತಿತ್ತು. ಇಂದು ಜಗತ್ತಿನ ಶಿಕ್ಷಕ ತರಬೇತಿಗಳಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದರೆ ಇದೇ. ಇದರಿಂದ ಗ್ರಾಮರೇ ಬೇಡ ಎಂದಾಗುವುದಿಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಇದೆ. ಗ್ರಾಮರ್ ಮುಗಿಸಿ ಆಮೇಲೆ ಮಾತು ಎಂದು ಕಾಯುತ್ತ ಕೂತರೆ ಮಾತಿನ ಸರದಿ ಬರುವುದೇ ಇಲ್ಲ, ನನ್ನ ತಕರಾರು ಇಷ್ಟೇ.

ಹಾಗಾದರೆ ಶಾಲೆಯಲ್ಲಿ ಮಾಡಿಸುವ ನಾಟಕ, ಭಾಷಣ, ಪ್ರಾರ್ಥನೆ ಸುದ್ದಿ ಎಲ್ಲವೂ ಒಳ್ಳೆಯದೇ? ಇಲ್ಲಿ ನಾನು ಪೂರ್ತಿ ನಿಮ್ಮ ಶಾಲೆಯ ಪರವೂ ಅಲ್ಲ. ತರಗತಿ ನೋಡಲು ಶಾಲೆಗಳಿಗೆ ಹೋಗುವುದು, ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಕಾಣುವುದು ಹೀಗೆ: ಪ್ರಾರ್ಥನೆಯಲ್ಲಿ ‘ಥಾಟ್ ಫಾರ್ ದ ಡೇ’ ಓದುವ ಹುಡುಗಿ ವಾರವಿಡೀ ಒಬ್ಬಳೇ, ಚೀಟಿ ನೋಡಿ ಓದುತ್ತಾಳೆ, ಅರ್ಥ ಕೇಳಿದರೆ ಮೇಷ್ಟ್ರ ಮುಖ ನೋಡುತ್ತಾಳೆ. ಪ್ರತಿಭಾ ಕಾರಂಜಿಯ ಇಂಗ್ಲಿಷ್ ಭಾಷಣವನ್ನು ಶಿಕ್ಷಕರು ಬರೆದುಕೊಟ್ಟಿರುತ್ತಾರೆ. ‘ರೆಸ್ಪೆಕ್ಟೆಡ್ ಜಡ್ಜಸ್’ ಇಂದ ಹಿಡಿದು ಒಂದೇ ಉಸಿರಿಗೆ ಹೇಳುತ್ತ ಹೋಗುವ ಮಗು ಮೂರನೇ ಪ್ಯಾರಾದಲ್ಲಿ ಒಂದು ಪದ ಮರೆತರೆ ಅಲ್ಲಿಂದ ಮುಂದೆ ಹೋಗಲಾರದು, ಮತ್ತೆ ‘ರೆಸ್ಪೆಕ್ಟೆಡ್ ಜಡ್ಜಸ್’ಗೇ ಬರಬೇಕು. ಅದು ಜ್ಞಾಪಕಶಕ್ತಿಯ ಪರೀಕ್ಷೆ. ಕ್ಲಸ್ಟರಿನಲ್ಲಿ ಗೆದ್ದು ತಾಲ್ಲೂಕಿಗೆ ಹೋದರೆ ಶಾಲೆಗೆ ಹೆಸರು ಬರುತ್ತದೆ, ತಪ್ಪೇನಿಲ್ಲ. ಉಳಿದ ಮಕ್ಕಳ ಇಂಗ್ಲಿಷಿಗೆ ಮಾತ್ರ ಅದರಿಂದ ಕವಡೆ ಕಾಸಿನ ಲಾಭವಿಲ್ಲ.

ಅದೇ ಚಟುವಟಿಕೆಯನ್ನು ಸ್ವಲ್ಪ ತಿರುಗಿಸಿದರೆ ಲೆಕ್ಕವೇ ಬೇರೆ. ಒಂದು ಹಳ್ಳಿ ಶಾಲೆಯಲ್ಲಿ ಕಂಡ ತರಗತಿ ಹೇಳುತ್ತೇನೆ. ಮೇಡಂ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯೊಂದನ್ನು ತಾವೇ ಬರೆದು, ಎರಡು ಭಾಗ ಮಾಡಿ ತಂದಿದ್ದರು. ಒಂದರಲ್ಲಿ ಬಸ್ ಹೊರಡುವ ಹೊತ್ತು, ಇನ್ನೊಂದರಲ್ಲಿ ಟಿಕೆಟ್ ದರ. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಭಾಗ, ಒಬ್ಬರದನ್ನು ಇನ್ನೊಬ್ಬರು ಇಣುಕುವಂತಿಲ್ಲ. ನೂರು ರೂಪಾಯಿಯೊಳಗೆ, ಮಧ್ಯಾಹ್ನದೊಳಗೆ ಶಿವಮೊಗ್ಗ ಮುಟ್ಟುವ ಬಸ್ ಯಾವುದೆಂದು ಕೇಳಿ ಕೇಳಿಯೇ ಕಂಡುಹಿಡಿಯಬೇಕು. ಹಿಂದಿನ ಬೆಂಚಿನ ಹುಡುಗನೊಬ್ಬ ಗಟ್ಟಿಯಾಗಿ ‘ವಾಟ್ ಟೈಮ್ ಸಾಗರ ಬಸ್?’ ಅಂದ. ಮೇಡಂ ತಿದ್ದಲಿಲ್ಲ. ಹತ್ತಿರ ಹೋಗಿ, ತಾವೂ ತಿಳಿಯಬೇಕೆಂಬಂತೆ, ‘ಯೆಸ್, ವಾಟ್ ಟೈಮ್ ಡಸ್ ದ ಸಾಗರ ಬಸ್ ಲೀವ್?’ ಎಂದು ಪಕ್ಕದವಳನ್ನು ಕೇಳಿದರು. ಸ್ವಲ್ಪ ಹೊತ್ತಿಗೆ ಅದೇ ಹುಡುಗನ ಬಾಯಲ್ಲಿ ‘ಲೀವ್’ ಬಂತು. ‘ಡಸ್’ ಬರಲಿಲ್ಲ. ಪರವಾಗಿಲ್ಲ, ಅದು ಮೂರು ತಿಂಗಳು ಬಿಟ್ಟು ಬರುತ್ತದೆ. ಆ ಪೀರಿಯಡ್ಡಿನಲ್ಲಿ ಬಾಯಿ ತೆರೆಯದ ಒಂದು ಮಗುವೂ ಇರಲಿಲ್ಲ ಎನ್ನುವುದು ನನಗೆ ಮುಖ್ಯ.

ಚಿಕ್ಕ ಶಾಲೆಯ ವಿಷಯ ಬರುವುದೇ ಇಲ್ಲಿ. ನಿಮ್ಮ ಮಗಳ ತರಗತಿಯಲ್ಲಿ ಹದಿನೆಂಟು ಮಕ್ಕಳಿದ್ದಾರೆ ಎಂದುಕೊಳ್ಳಿ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಮೀಸಲಿಡಬಹುದು. ಜೋಡಿ ಮಾಡಿ ಮಾತಾಡಿಸಿದರೆ ಹದಿನೈದು ನಿಮಿಷವೂ ಸಿಕ್ಕೀತು. ಪೇಟೆಯ ಶಾಲೆಯ ಅರವತ್ತರ ಸೆಕ್ಷನ್ನಿನಲ್ಲಿ ಮೇಷ್ಟ್ರು ಎಷ್ಟೇ ಜಾಣರಾಗಿರಲಿ, ಮುಂದಿನ ಎರಡು ಬೆಂಚು ಮಾತಾಡುತ್ತವೆ, ಉಳಿದವರು ನೋಟ್ಸ್ ಬರೆಯುತ್ತಾರೆ. ನಾಟಕವಾದರೂ ಅಷ್ಟೆ: ಚಿಕ್ಕ ಶಾಲೆಯಲ್ಲಿ ಎಲ್ಲರಿಗೂ ಪಾತ್ರ ಸಿಗುತ್ತದೆ, ಯಾಕೆಂದರೆ ಇರುವವರೇ ಅಷ್ಟು ಜನ.

ಇನ್ನೊಂದು ಮಾತು. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ, ಅದನ್ನು ಮೆಚ್ಚುವ ಪೋಷಕರೂ ಇದ್ದಾರೆ. ದಂಡದಿಂದ ಮಕ್ಕಳು ಇಂಗ್ಲಿಷ್ ಮಾತಾಡುವುದಿಲ್ಲ, ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಚೆನ್ನಾಗಿ ಓದಿ ಅರ್ಥಮಾಡಿಕೊಳ್ಳುವ ಮಗುವಿಗೆ ಇಂಗ್ಲಿಷಿನ ಓದೂ ಬೇಗ ಹತ್ತುತ್ತದೆ. ಒಂದು ಭಾಷೆಯಲ್ಲಿ ಗಳಿಸಿದ ಓದಿನ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ ಎಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಿಂದಲೂ ವಾದಿಸುತ್ತ ಬಂದಿದ್ದಾರೆ. ಅವರು ತೋರಿಸಿದ ಇನ್ನೊಂದು ವಿಷಯ ನಿಮ್ಮ ನಿರ್ಧಾರಕ್ಕೆ ನೇರವಾಗಿ ಬೇಕಾದದ್ದು. ಕೆನಡಾಕ್ಕೆ ವಲಸೆ ಹೋದ ಮಕ್ಕಳು ಆಡುಮಾತಿನ ಇಂಗ್ಲಿಷನ್ನು ಎರಡು ವರ್ಷದಲ್ಲಿ ಕಲಿತುಬಿಡುತ್ತಾರೆ. ಪಾಠದ ಪುಸ್ತಕದ ಇಂಗ್ಲಿಷಿನಲ್ಲಿ ಅಲ್ಲಿನ ಮಕ್ಕಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ. ಸುತ್ತಲೂ ಇಂಗ್ಲಿಷೇ ಇರುವ ದೇಶದ ಮಾತು ಇದು. ಬಸ್ಸಿನಲ್ಲಿ ಕನ್ನಡ, ಮನೆಯಲ್ಲಿ ಕನ್ನಡ, ಆಟದಲ್ಲೂ ಕನ್ನಡವಿರುವ ನಿಮ್ಮ ಮಗಳಿಗೆ ಎಸ್ಸೆಸ್ಸೆಲ್ಸಿಗೆ ಉಳಿದಿರುವುದು ಎಷ್ಟು ಕಾಲ, ನೀವೇ ಲೆಕ್ಕ ಹಾಕಿ.

ಹಾಗಾಗಿ ಪೇಟೆಯ ಶಾಲೆಗೆ ಈಗ ಹಾಕುವುದರ ಅಪಾಯ ಇಂಗ್ಲಿಷ್ ವಿಷಯದಲ್ಲಿ ಇಲ್ಲ, ಗಣಿತ ಮತ್ತು ವಿಜ್ಞಾನದಲ್ಲಿದೆ. ಇಂದು ಅವಳಿಗೆ ಅರ್ಥವಾಗುವ ಪಾಠ ನಾಳೆ ಅರ್ಥವಾಗದೆ ಹೋಗುತ್ತದೆ, ಬಾಯಿಪಾಠ ಮಾಡಬೇಕಾಗುತ್ತದೆ. ಇಂಗ್ಲಿಷ್ ಮೀಡಿಯಂ ಎಂಬ ಬೋರ್ಡಿದ್ದಲ್ಲೆಲ್ಲ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆ ಎಂದೂ ತಿಳಿಯಬೇಡಿ. ಪುಸ್ತಕದ ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ವಿವರಿಸಿ, ಇಂಗ್ಲಿಷಿನಲ್ಲಿ ನೋಟ್ಸ್ ಬರೆಸುವುದೇ ಬಹಳ ಕಡೆ ರೂಢಿ. ಎರಡೂವರೆ ಗಂಟೆಯ ಬಸ್ ಪ್ರಯಾಣ ಬೇರೆ, ಅದೂ ಮಲೆನಾಡಿನ ಮಳೆಗಾಲದಲ್ಲಿ. ಅವಳು ಐದನೇ ಆರನೇ ತರಗತಿಯಲ್ಲಿದ್ದು, ನೀವು ಹೇಗೂ ಪೇಟೆಯಲ್ಲೇ ಮನೆ ಮಾಡುವವರಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.

ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಸಿಗೆ ರಜೆಯಲ್ಲಾದರೆ ಸೇರಿಸಬಹುದು. ಫೀಸು ಕಟ್ಟುವ ಮುನ್ನ ಒಂದು ದಿನ ಕೂತು ನೋಡಲು ಬಿಡುತ್ತಾರೆಯೇ ಕೇಳಿ, ಬಿಟ್ಟರೆ ಗಡಿಯಾರ ನೋಡಿಕೊಂಡು ಕೂರಿ: ಒಂದು ಗಂಟೆಯಲ್ಲಿ ಒಬ್ಬ ವಿದ್ಯಾರ್ಥಿ ಎಷ್ಟು ನಿಮಿಷ ಮಾತಾಡಿದ? ಮಾತೆಲ್ಲ ಮೇಷ್ಟ್ರದೇ ಆಗಿದ್ದರೆ ಎದ್ದು ಬನ್ನಿ. ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್ ಎಂಬ ಜಾಹೀರಾತು ಕಂಡರೆ ಒಳಗೆ ಹೋಗುವುದೇ ಬೇಡ. ಮೊಬೈಲಿನದೂ ಅದೇ ಕಥೆ. ಉಚ್ಚಾರ ಕೇಳಲು, ಪದದ ಅರ್ಥ ನೋಡಲು, ತನ್ನ ದನಿ ರೆಕಾರ್ಡ್ ಮಾಡಿ ಕೇಳಿಕೊಳ್ಳಲು ಅದು ಒಳ್ಳೆಯದೇ. ಕನ್ನಡದಲ್ಲಿ ಟೈಪ್ ಮಾಡಿ, ಬಂದ ಇಂಗ್ಲಿಷನ್ನು ಹೋಂವರ್ಕಿಗೆ ಇಳಿಸಲು ಶುರುಮಾಡಿದರೆ ಇದ್ದ ಬರವಣಿಗೆಯೂ ಹೋಗುತ್ತದೆ. ಈಚೆಗೆ ಇದು ಬಹಳ ಹೆಚ್ಚಾಗಿದೆ, ಸ್ವಲ್ಪ ಕಣ್ಣಿಡಿ.

ನನ್ನ ಒಲವು ಇರುವ ಶಾಲೆಯನ್ನೇ ಚೆನ್ನಾಗಿ ಬಳಸಿಕೊಳ್ಳುವುದರ ಕಡೆಗೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೋ, ಪೋಷಕರ ಸಭೆಗೋ ಹೋದಾಗ ‘ಇಂಗ್ಲಿಷ್ ಚೆನ್ನಾಗಿ ಕಲಿಸಿ’ ಎನ್ನಬೇಡಿ, ಅದಕ್ಕೆ ‘ಆಯಿತು’ ಎನ್ನುವುದು ಬಿಟ್ಟರೆ ಬೇರೆ ಉತ್ತರವಿಲ್ಲ. ಮೇಷ್ಟ್ರಿಗೆ ಹೊಸ ಹೊರೆಯಾಗದಂಥ ಚಿಕ್ಕ ವಿಷಯ ಕೇಳಿ. ಪ್ರಾರ್ಥನೆಯ ಇಂಗ್ಲಿಷ್ ಸುದ್ದಿ ಸರದಿಯ ಮೇಲೆ ಎಲ್ಲ ಮಕ್ಕಳಿಗೂ ಬರಲಿ. ಅದು ಊರಿನ ಸುದ್ದಿಯಾಗಿರಲಿ, ಮೂರೇ ವಾಕ್ಯವಿರಲಿ, ಮಗುವೇ ಬರೆದದ್ದಾಗಿರಲಿ. ಓದಿದ ಮೇಲೆ ಕೇಳಿದವರಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಲಿ. ‘ಎಸ್ಟರ್ಡೇ ರೇನ್ ಕೇಮ್, ನೋ ಕರೆಂಟ್’ ಎಂದು ಬಂದರೂ ಬರಲಿ. ಗೋಡೆ ಪತ್ರಿಕೆ ಇದ್ದರೆ ಅದರಲ್ಲೊಂದು ಮೂಲೆ ಇಂಗ್ಲಿಷಿಗಿರಲಿ. ನಾಟಕಕ್ಕೆ ಪಠ್ಯದ ಕಥೆಯೊಂದನ್ನು ಮಕ್ಕಳೇ ಸಂಭಾಷಣೆಗೆ ಇಳಿಸಿದರೆ ಪರೀಕ್ಷೆಯ ಓದೂ ಅದರಲ್ಲೇ ಮುಗಿಯಿತು. ಆಂತರಿಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದನ್ನೇ ತೋರಿಸಲು ಸಾಧ್ಯವಾದರೆ ಮೇಷ್ಟ್ರಿಗೂ ಅನುಕೂಲ.

ಇದರಲ್ಲೂ ಅಪಾಯವಿಲ್ಲದಿಲ್ಲ. ಎಲ್ಲವೂ ಒಬ್ಬ ಶಿಕ್ಷಕರ ಉಮೇದಿನ ಮೇಲೆ ನಿಂತಿರುತ್ತದೆ, ಅವರಿಗೆ ವರ್ಗವಾದರೆ ಅಲ್ಲಿಗೆ ಮುಗಿಯಿತು. ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುವವರೆಗೆ ತರಗತಿಯೇ ನಡೆಯದೆ ಇರಬಹುದು. ಸಂಕ್ರಾಂತಿ ಕಳೆದ ಮೇಲೆ ಯಾವ ಶಾಲೆಯಲ್ಲೂ ಇಂಥದ್ದಕ್ಕೆ ಪುರುಸೊತ್ತಿರುವುದಿಲ್ಲ. ಜೂನ್‌ನಿಂದ ದಸರಾ ರಜೆಯವರೆಗೆ ಆದದ್ದೇ ಲಾಭ.

ಪ್ರತಿಭಾ ಕಾರಂಜಿಯ ಭಾಷಣಕ್ಕೆ ಅವಳ ಹೆಸರು ಬಂದರೆ ಬೇಡ ಎನ್ನಬೇಡಿ. ಬಹುಮಾನ ಬಾರದಿದ್ದರೂ ಚಿಂತೆಯಿಲ್ಲ, ತನ್ನದೇ ಹತ್ತು ವಾಕ್ಯ ಬರೆದು ಮೇಷ್ಟ್ರಿಂದ ತಿದ್ದಿಸಿಕೊಂಡು ಹೇಳಲಿ.

ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂದಿರಿ. ಇಲ್ಲಿ ಹೇಳಿಕೊಡುವವರಿಗಿಂತ ಕೇಳುವವರು ಬೇಕು. ಸುಮಾರು ನೂರು ವರ್ಷದ ಹಿಂದೆ ಬಂಗಾಳದ ಶಾಲೆಗಳಲ್ಲಿ ಕೆಲಸ ಮಾಡಿದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ 1926ರಲ್ಲಿ ಒಂದು ಪ್ರಶ್ನೆ ಎತ್ತಿದ್ದರು. ನಡುವೆ ಶಾಲೆ ಬಿಡುವ ಮಗುವಿನ ಕೈಯಲ್ಲಿ ಆವರೆಗಿನ ಇಂಗ್ಲಿಷ್ ಪಾಠದಿಂದ ಏನು ಉಳಿಯುತ್ತದೆ? ಎಲ್‌ಐಸಿ ಪಾಲಿಸಿ ನಡುವೆ ನಿಲ್ಲಿಸಿದರೆ ಸಿಗುವ ಸರೆಂಡರ್ ವ್ಯಾಲ್ಯೂ ಇದೆಯಲ್ಲ, ಅವರು ಬಳಸಿದ್ದೂ ಅದೇ ಮಾತು. ಓದುವುದನ್ನು ಮೊದಲು ಗಟ್ಟಿ ಮಾಡಿಸಿದರೆ ಯಾವ ಹಂತದಲ್ಲಿ ನಿಲ್ಲಿಸಿದರೂ ಏನಾದರೂ ಕೈಯಲ್ಲಿರುತ್ತದೆ ಎಂಬುದು ಅವರ ಉತ್ತರ. ನಿಮ್ಮ ಮಗಳಿಗೆ ಓದಲು ಬರುತ್ತದೆ, ಹಾಗಾಗಿ ಅಲ್ಲಿಂದಲೇ ಹೊರಡೋಣ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕಥೆಗಳು ಉಚಿತ, ಮಟ್ಟಕ್ಕೆ ತಕ್ಕಂತೆ ವಿಂಗಡಿಸಿವೆ, ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಅವಳು ಇಂಗ್ಲಿಷಿನದನ್ನು ಗಟ್ಟಿಯಾಗಿ ಓದಲಿ, ಆಮೇಲೆ ಕಥೆ ಏನೆಂದು ನಿಮಗೆ ಕನ್ನಡದಲ್ಲಿ ಹೇಳಲಿ. ನೀವು ಅಡುಗೆ ಮಾಡುತ್ತಲೇ ‘ಆಮೇಲೆ ಏನಾಯ್ತು? ಅವನ್ಯಾಕೆ ಹಾಗೆ ಮಾಡಿದ?’ ಎಂದು ಕೇಳಿದರೆ ಸಾಕು. ಅರ್ಥವಾಗದೆ ಓದಿದ್ದರೆ ನಿಮ್ಮ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾಳೆ.

ಕೊನೆಯದಾಗಿ ಸೈನ್ಸ್. ನಿಜವಾದ ಕಷ್ಟ ಇರುವುದು ಇಲ್ಲಿ, ಮೈದುನನ ಮಕ್ಕಳೆದುರು ಅಲ್ಲ. ಹತ್ತರವರೆಗೆ ಕನ್ನಡದಲ್ಲಿ ಓದಿ ಮೊದಲ ಪಿಯುಸಿಗೆ ಹೋದ ಮಕ್ಕಳು ಮೊದಲ ಕೆಲವು ತಿಂಗಳು ತತ್ತರಿಸುವುದನ್ನು ನೋಡಿದ್ದೇನೆ. ಅವರಿಗೆ ವಿಷಯ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ವೇಗೋತ್ಕರ್ಷ ಬರುತ್ತದೆ, ಆಕ್ಸಿಲರೇಷನ್ ಎಂದರೆ ಗಾಬರಿ. ಅಂಗಾಂಶ ಗೊತ್ತು, ಟಿಶ್ಯೂ ಗೊತ್ತಿಲ್ಲ. ಇದಕ್ಕೆ ಈಗಿನಿಂದಲೇ ಮಾಡಬಹುದಾದ, ಖರ್ಚಿಲ್ಲದ ಉಪಾಯವಿದೆ. ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಗಣಿತ, ವಿಜ್ಞಾನದ ಪುಸ್ತಕ ಕನ್ನಡ ಮಾಧ್ಯಮಕ್ಕೂ ಇಂಗ್ಲಿಷ್ ಮಾಧ್ಯಮಕ್ಕೂ ಒಂದೇ. ಅದೇ ಅಧ್ಯಾಯ, ಅದೇ ಚಿತ್ರ, ಅದೇ ಲೆಕ್ಕ. ಇಂಗ್ಲಿಷ್ ಮಾಧ್ಯಮದ ಪ್ರತಿಯನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಿ, ಇಲ್ಲವೇ ಪೇಟೆಯ ಶಾಲೆಯ ಮಕ್ಕಳಿಂದ ಹಳೆಯದನ್ನು ಪಡೆಯಿರಿ. ತರಗತಿಯಲ್ಲಿ ಕನ್ನಡದಲ್ಲಿ ಪಾಠ ಮುಗಿದ ಮೇಲೆ, ಅದೇ ಅಧ್ಯಾಯದ ಎರಡು ಪುಟವನ್ನು ಶನಿವಾರವೋ ಭಾನುವಾರವೋ ಇಂಗ್ಲಿಷಿನಲ್ಲಿ ಓದಲಿ. ವಿಷಯ ಗೊತ್ತಿರುವುದರಿಂದ ಇಂಗ್ಲಿಷ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಒಂದು ನೋಟುಬುಕ್ಕಿನಲ್ಲಿ ಎಡಗಡೆ ಕನ್ನಡದ ಪದ, ಬಲಗಡೆ ಇಂಗ್ಲಿಷಿನದು ಬರೆದುಕೊಳ್ಳಲಿ. ಮೊದಲು ಚಿತ್ರಗಳ ಭಾಗಗಳಿಂದ ಶುರುಮಾಡಿದರೆ ಸುಲಭ. ಹತ್ತನೇ ತರಗತಿಯ ಕೊನೆಯ ಮೂರು ತಿಂಗಳು ಇದನ್ನು ನಿಲ್ಲಿಸಿ, ಆಗ ಪರೀಕ್ಷೆಯೇ ಸಾಕಷ್ಟಿರುತ್ತದೆ. ಪರೀಕ್ಷೆ ಮುಗಿದು ಕಾಲೇಜು ತೆರೆಯುವವರೆಗಿನ ರಜೆಯಲ್ಲಿ ಪಿಯುಸಿ ಓದುತ್ತಿರುವ ಪರಿಚಯದವರಿಂದ ಫಿಸಿಕ್ಸ್, ಬಯಾಲಜಿಯ ಹಳೆಯ ಪುಸ್ತಕ ತರಿಸಿ, ಮೊದಲ ಎರಡು ಅಧ್ಯಾಯ ಹೀಗೇ ಓದಿಸಿ. ಕಾಲೇಜು ಆರಿಸುವಾಗ ಕನ್ನಡ ಮಾಧ್ಯಮದಿಂದ ಬಂದವರಿಗೆ ಶುರುವಿನಲ್ಲಿ ಬೇರೆ ತರಗತಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಿ. ಫೀಸು ವಿಚಾರಿಸುವುದಕ್ಕಿಂತ ಮುಂಚೆ.